ಹೊನ್ನಾರು ಮತ್ತು ಹೊಸತೊಡಕು

ಎಣ್ಣೆಸ್ನಾನ, ಮಾವಿನ ತೋರಣ, ಬೇವು-ಬೆಲ್ಲ, ಪಂಚಾಂಗ ಶ್ರವಣ, ಒಬ್ಬಟ್ಟು – ಚೈತ್ರ ಶುದ್ಧ ಪಾಡ್ಯಮಿಯ ಈ ಆಚರಣೆಗಳು ನಾಡಿನ ಬಹುಭಾಗದಲ್ಲಿವೆ. ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯ ಯುಗಾದಿಗೆ ತನ್ನದೇ ಆದ ಮುಖವನ್ನು ಕೊಟ್ಟಿರುವುದು ಹೊನ್ನಾರು. 'ಆರು ಕಟ್ಟುವುದು' ಎಂದರೆ ಎತ್ತುಗಳನ್ನು ನೇಗಿಲಿಗೆ ಹೂಡುವುದು. ಹೊನ್ನಿನಂಥ ಆ ಮೊದಲ ಆರನ್ನು ಕಟ್ಟಬೇಕಾದವರು ಯಾರೆಂದು ಪಂಚಾಂಗ ನೋಡಿ, ಹೆಸರಿನ ಬಲದ ಮೇಲೆ ನಿರ್ಧರಿಸುತ್ತಾರೆ; ಊರಿನ ದೊಡ್ಡ ಹಿಡುವಳಿದಾರನೇ ಆಗಬೇಕೆಂದಿಲ್ಲ. ಕೊಂಬಿಗೆ ಬಣ್ಣ, ಕೊರಳಿಗೆ ಹೂಮಾಲೆ ತೊಟ್ಟ ಎತ್ತುಗಳು ಊರೊಳಗೆ ಸಾಗಿ, ಹೊಲದಲ್ಲಿ ಕೆಲವು ಸಾಲು ಉತ್ತ ಮೇಲೆಯೇ ವರ್ಷದ ಬೇಸಾಯಕ್ಕೆ ಆರಂಭ.

ಇದು ಮುಂಗಾರನ್ನು ನಂಬಿದ ಒಣಬೇಸಾಯದವರ ಆಚರಣೆ. 1911ರಲ್ಲಿ ಆರಂಭವಾದ ಕನ್ನಂಬಾಡಿ ಕಟ್ಟೆಯೂ ಅದರಿಂದ ಹೊರಟ ನಾಲೆಯೂ, 1933ರ ಮೈಸೂರು ಸಕ್ಕರೆ ಕಾರ್ಖಾನೆಯೂ ಇಲ್ಲಿನ ರಾಗಿಯ ಹೊಲಗಳನ್ನು ಕಬ್ಬು-ಭತ್ತದ ಗದ್ದೆಗಳಾಗಿಸಿದವು. ನಾಲೆಯ ನೀರಿಗೆ ಪಂಚಾಂಗದ ಹಂಗಿಲ್ಲ. ಆದರೂ ಹೊನ್ನಾರು ಉಳಿಯಿತು. ಎತ್ತುಗಳೇ ಅಪರೂಪವಾದ ಊರುಗಳಲ್ಲಿ ಮಾತ್ರ ಅದು ಸೊರಗುತ್ತಿದೆ.

ಮರುದಿನ ಹೊಸತೊಡಕು. 'ತೊಡಗು' ಎಂಬ ಮಾತಿನಿಂದ ಬಂದ ಹೆಸರೆನ್ನುವುದುಂಟು. ಅಂದು ಬಾಡೂಟ. ಹಲವರು ಮೊದಲೇ ಚೀಟಿ ಕಟ್ಟಿ, ಒಟ್ಟಾಗಿ ಕುರಿ ತಂದು, ಮಾಂಸವನ್ನು ಸಮನಾದ ಗುಡ್ಡೆಗಳಾಗಿ ಹಂಚಿಕೊಳ್ಳುತ್ತಾರೆ. ಮಳವಳ್ಳಿ ತಾಲ್ಲೂಕಿನ ಬಂಡೂರು ಕುರಿಗೆ ಅಂದು ಇರುವ ಬೇಡಿಕೆಯನ್ನು ಹೇಳಬೇಕಾಗಿಲ್ಲ! ಇಸ್ಪೀಟಿನ ಜೂಜು ಈ ದಿನಕ್ಕೆ ಅಂಟಿದ ಪಿಡುಗು. ಅದನ್ನು ಸಂಪ್ರದಾಯವೆಂದು ಸಮರ್ಥಿಸುವವರ ಮಾತನ್ನು ನಾನು ಒಪ್ಪಲಾರೆ.

ಬಾಡೂಟದ ಕರೆ ನಮ್ಮ ಕುಟುಂಬಗಳನ್ನು ಸಂದಿಗ್ಧಕ್ಕೆ ದೂಡುವುದುಂಟು. ಅದಕ್ಕೆ ಕಾರಣ ಚಂದ್ರ. ಪಾಸ್ಖವನ್ನು ಸಭೆಗಳೆಲ್ಲ ಒಂದೇ ಭಾನುವಾರ ಆಚರಿಸಬೇಕೆಂದು 325ರ ನಿಸೇಯ ಮಹಾಸಭೆ ತೀರ್ಮಾನಿಸಿತು. ಮಾರ್ಚ್ 21ರಂದು ಅಥವಾ ಅನಂತರ ಬರುವ ಹುಣ್ಣಿಮೆಯ ಮುಂದಿನ ಭಾನುವಾರವೇ ಆ ದಿನವೆಂಬ ಲೆಕ್ಕ ರೂಢಿಗೆ ಬಂತು. ಯುಗಾದಿಯ ಚಂದ್ರ ಬೆಳೆದು ತುಂಬುವ ಹುಣ್ಣಿಮೆಯೇ ಸಾಮಾನ್ಯವಾಗಿ ಪಾಸ್ಖದ ಹುಣ್ಣಿಮೆ. ಹೀಗಾಗಿ ಯುಗಾದಿ ಹೆಚ್ಚಿನ ವರ್ಷಗಳಲ್ಲಿ ತಪಸ್ಸುಕಾಲದೊಳಗೇ ಬರುತ್ತದೆ. 2025ರಲ್ಲಿ ಯುಗಾದಿ ಮಾರ್ಚ್ 30ರಂದು, ಪಾಸ್ಖ ಏಪ್ರಿಲ್ 20ರಂದು ಬಂದವು. 2024ರಲ್ಲಿ ಕ್ರಮ ತಿರುವುಮುರುವಾಗಿ, ಮಾರ್ಚ್ 31ರ ಪಾಸ್ಖದ ನಂತರ ಏಪ್ರಿಲ್ 9ಕ್ಕೆ ಯುಗಾದಿ ಬಂತು. 2026ರ ಯುಗಾದಿಯಂತೂ ಮಾರ್ಚ್ 19ರ ಗುರುವಾರ. ಹೊಸತೊಡಕಿನ ದಿನ ತಪಸ್ಸುಕಾಲದ ಶುಕ್ರವಾರ!

ಅಂಥ ದಿನ ನೆರೆಮನೆಯ ಕರೆಗೆ ಏನೆನ್ನಬೇಕೆಂದು ಕೇಳುವವರಿದ್ದಾರೆ. ಹೊಟ್ಟೆನೋವಿನ ನೆಪ ಬೇಡ; ಇದ್ದುದನ್ನು ಇದ್ದಂತೆ ಹೇಳಿರಿ. ಒಪ್ಪತ್ತು, ಉಪವಾಸ, ಹರಕೆಗಳನ್ನು ಬಲ್ಲ ಒಕ್ಕಲುಮನೆಗಳಿಗೆ ನಿಮ್ಮ ಮಾಂಸವರ್ಜನೆ ಅರ್ಥವಾಗದ ಸಂಗತಿಯಲ್ಲ. ಬಾಡಿನ ಬದಲು ಹಿಂದಿನ ದಿನದ ಒಬ್ಬಟ್ಟಿನ ಸಾರು ಬರುತ್ತದೆ. ಮರುದಿನಕ್ಕೆ ಅದರ ರುಚಿ ಹೆಚ್ಚೆಂಬುದನ್ನು ಮಂಡ್ಯದವರಿಗೆ ನಾನು ಹೇಳಬೇಕಿಲ್ಲ.