ಮೆಜೆಸ್ಟಿಕ್‌ನ ಕಟ್ಟೆ ರಾತ್ರಿ ಹನ್ನೊಂದಕ್ಕೂ ಯಾಕೆ ಬಿಸಿ?

ಏಪ್ರಿಲ್‌ನಲ್ಲಿ ಊರಿಂದ ಬಂದ ಬಸ್ಸಿಳಿದು, ರಾತ್ರಿ ಹನ್ನೊಂದರ ಹೊತ್ತಿಗೆ ಮೆಜೆಸ್ಟಿಕ್‌ನ ಸಿಮೆಂಟ್ ಕಟ್ಟೆ ಮೇಲೆ ಕೂತಿದ್ದೀರಾ? ಕೂತವರಿಗೆ ಗೊತ್ತು. ಸೂರ್ಯ ಮುಳುಗಿ ನಾಲ್ಕೂವರೆ ಗಂಟೆ ಆಗಿರುತ್ತೆ, ಕಟ್ಟೆ ಮಾತ್ರ ಒಲೆಯಿಂದ ಇಳಿಸಿಟ್ಟ ಕಾವಲಿ ಥರ ಇನ್ನೂ ಕಾವು ಬಿಡ್ತಾ ಇರುತ್ತೆ.

ಮೊದಲನೇ ಫೋಟೊ ಅಲ್ಲಿಯದೇ. ಅದರಲ್ಲಿ ನೀವು ನೋಡ್ತಿರೋದು ಬಸ್ ನಿಲ್ದಾಣ ಅಷ್ಟೇ ಅಲ್ಲ, ಒಂದು ಕೆರೆಯ ತಳ. ಹೆಸರು ಧರ್ಮಾಂಬುಧಿ. ಪೇಟೆಯ ಜನ ಕುಡಿದ ನೀರು ಅದರದ್ದು. ಕೆರೆ ಹೋಗಿ ಮೈದಾನ ಆಯ್ತು, ಮೈದಾನ ಹೋಗಿ ಬಸ್ ನಿಲ್ದಾಣ ಆಯ್ತು. ಪಕ್ಕದ ರಸ್ತೆಗೆ ಇವತ್ತಿಗೂ ಟ್ಯಾಂಕ್ ಬಂಡ್ ರಸ್ತೆ ಅಂತಾನೇ ಹೆಸರು. ಏರಿ ಉಳಿದಿದೆ, ಹೆಸರಲ್ಲಿ ಮಾತ್ರ.

ಈ ಸಲದ ಕಂತು ನಮ್ಮ ಊರಿನ ಸೆಖೆಯ ಇತಿಹಾಸ. ಸೆಖೆಗೆ ಎಂಥಾ ಇತಿಹಾಸ ಅಂತೀರಾ? ಇದೆ. ಶುರುವಾಗೋದು ಬೆಂಗಳೂರಲ್ಲಲ್ಲ, ಲಂಡನ್‌ನಲ್ಲಿ.

ಲ್ಯೂಕ್ ಹೊವರ್ಡ್ ಅಂತ ಒಬ್ಬ. ವೃತ್ತಿಯಿಂದ ಔಷಧ ತಯಾರಕ, ಹುಚ್ಚು ಮಾತ್ರ ಆಕಾಶದ್ದು. ಇವತ್ತು ನಾವು ಭೂಗೋಳ ಪಾಠದಲ್ಲಿ ಬಾಯಿಪಾಠ ಮಾಡೋ ಕ್ಯುಮುಲಸ್, ಸ್ಟ್ರೇಟಸ್, ಸಿರಸ್ ಅನ್ನೋ ಮೋಡದ ಹೆಸರುಗಳನ್ನ ಇಟ್ಟವನು ಅವನೇ. ವರ್ಷಗಟ್ಟಲೆ ಥರ್ಮಾಮೀಟರ್ ನೋಡಿ ಬರೆದಿಟ್ಟು, 1818ರಿಂದ ಲಂಡನ್ನಿನ ಹವೆಯ ಬಗ್ಗೆ ಪುಸ್ತಕ ತಂದ. ಅದರಲ್ಲಿ ಒಂದು ವಿಚಿತ್ರ ಲೆಕ್ಕ ಇದೆ. ರಾತ್ರಿ ಹೊತ್ತು ನಗರ ಹೊರಗಿನ ಹಳ್ಳಿಗಾಡಿಗಿಂತ ಸರಾಸರಿ 3.7 ಡಿಗ್ರಿ ಫ್ಯಾರನ್‌ಹೀಟ್ ಹೆಚ್ಚು ಬಿಸಿ, ನಮ್ಮ ಸೆಲ್ಸಿಯಸ್ ಲೆಕ್ಕದಲ್ಲಿ ಸುಮಾರು 2 ಡಿಗ್ರಿ. ಹಗಲು? ಹಗಲು ನಗರವೇ ಒಂದು ಕೂದಲೆಳೆ ತಂಪು!

ಈ ವಿಷಯ ಮನಸ್ಸಲ್ಲಿಟ್ಕೊಳ್ಳಿ. ಇವತ್ತು ಎಲ್ಲರೂ ಹೀಟ್ ಐಲ್ಯಾಂಡ್ ಅನ್ನೋದು, ಶಾಖದ್ವೀಪ ಅಂತ ನಾವು ಕರೀಬಹುದಾದದ್ದು, ಮುಖ್ಯವಾಗಿ ರಾತ್ರಿಯ ಕಥೆ. ಮಧ್ಯಾಹ್ನ ಬಿಸಿಲು ಎಲ್ಲ ಕಡೆನೂ ಹೊಡೆಯುತ್ತೆ. ಸಂಜೆ ಆದಮೇಲೆ ಹೊಲ ಬೇಗ ಆರುತ್ತೆ, ಊರು ಆರೋದಿಲ್ಲ. ಡಾಂಬರು, ಕಾಂಕ್ರೀಟು, ಇಟ್ಟಿಗೆ ಗೋಡೆ ಹಗಲೆಲ್ಲ ನುಂಗಿದ ಶಾಖವನ್ನ ರಾತ್ರಿ ನಿಧಾನಕ್ಕೆ ವಾಪಸ್ ಕೊಡ್ತವೆ.

ಈಗ ಬೆಂಗಳೂರಿಗೆ ಬನ್ನಿ. "ಮೊದಲೆಲ್ಲ ಫ್ಯಾನೇ ಬೇಕಿರಲಿಲ್ಲ" ಅಂತ ಮನೇಲಿ ಅಜ್ಜಿ ಹೇಳ್ತಾರಲ್ಲ, ಅದನ್ನ ಕೇಳಿ ನಾವೆಲ್ಲ ಅದು ದೇವರು ಕೊಟ್ಟ ತಂಪು ಅಂದ್ಕೊಂಡಿದ್ದೀವಿ. ಅರ್ಧ ನಿಜ. ಸಮುದ್ರಮಟ್ಟದಿಂದ 900 ಮೀಟರ್‌ಗೂ ಹೆಚ್ಚು ಎತ್ತರದಲ್ಲಿದ್ದೀವಿ, ಅದು ಪ್ರಕೃತಿಯ ಕೊಡುಗೆ. ಆದರೆ ಇದು ಬಯಲುಸೀಮೆ ಕಣ್ರೀ, ಮಲೆನಾಡಲ್ಲ. ದೊಡ್ಡ ನದಿ ಇಲ್ಲ. ಉಳಿದರ್ಧ ತಂಪು ಜನ ಅಗೆದದ್ದು, ನೆಟ್ಟದ್ದು, ಖಾಲಿ ಬಿಟ್ಟದ್ದು.

ಅಗೆದದ್ದು ಕೆರೆ. ಒಂದು ಲೀಟರ್ ನೀರು ಆವಿಯಾಗೋಕೆ ಬೇಕಾದ ಶಾಖ ಎಷ್ಟು ಗೊತ್ತಾ? ಸಾವಿರ ವ್ಯಾಟಿನ ಇಸ್ತ್ರಿಪೆಟ್ಟಿಗೆ ಸುಮಾರು 40 ನಿಮಿಷ ಕಾದಷ್ಟು. ಬೇಸಿಗೆಯಲ್ಲಿ ಒಂದು ಎಕರೆ ಕೆರೆಯಿಂದ ದಿನಕ್ಕೆ 5 ಮಿಲಿಮೀಟರ್ ನೀರು ಆವಿಯಾದರೂ ಅದು 20 ಸಾವಿರ ಲೀಟರ್. ಅಷ್ಟು ಶಾಖವನ್ನ ಕೆರೆ ಸದ್ದಿಲ್ಲದೆ ಹೊತ್ಕೊಂಡು ಹೋಗ್ತಿತ್ತು, ಕರೆಂಟ್ ಬಿಲ್ ಇಲ್ಲದೆ.

ಕೆರೆಗಳು ಯಾಕೆ ಹೋದವು ಅಂದ್ರೆ ತಕ್ಷಣ ಬಿಲ್ಡರ್‌ಗಳನ್ನ ಬೈತೀವಿ. ಕಥೆ ಅದಕ್ಕಿಂತ ಹಳೇದು. 1890ರ ದಶಕದಲ್ಲಿ ಹೆಸರಘಟ್ಟದಿಂದ ಕೊಳವೆಯಲ್ಲಿ ನೀರು ಬಂತು. ಅದು ದೊಡ್ಡ ಉಪಕಾರವೇ. ಆದರೆ ನಲ್ಲಿ ಬಂದಮೇಲೆ ಪೇಟೆಗೆ ತನ್ನ ಕೆರೆಯ ಹೂಳು ಎತ್ತೋ ಗರಜು ಉಳೀಲಿಲ್ಲ. ಬೇಡವಾದ ಕೆರೆ ಮೊದಲು ಗಲೀಜು ಅನ್ನಿಸ್ಕೊಳ್ಳುತ್ತೆ, ಆಮೇಲೆ ಖಾಲಿ ಜಾಗ ಅನ್ನಿಸ್ಕೊಳ್ಳುತ್ತೆ. ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣ ಆಯ್ತು. ಅಕ್ಕಿತಿಮ್ಮನಹಳ್ಳಿ ಕೆರೆ ಹಾಕಿ ಕ್ರೀಡಾಂಗಣ. ಚಲ್ಲಘಟ್ಟದ್ದು ಗಾಲ್ಫ್ ಮೈದಾನ. ಎರಡನೇ ಫೋಟೊದಲ್ಲಿ ಸಂಪಂಗಿಯ ಉಳಿದ ಚೌಕ ಇದೆ. ಒಂದು ಕಾಲದ ಕೆರೆ, ಈಗ ಒಂದು ಕೊಳದಷ್ಟು.

ನೆಟ್ಟದ್ದು ಮರ. 1908ರಲ್ಲಿ ಲಾಲ್‌ಬಾಗಿಗೆ ಬಂದ ಜರ್ಮನ್ ತೋಟಗಾರ ಕ್ರುಂಬಿಗಲ್, ಒಂದರ ಹೂವು ಉದುರೋ ಹೊತ್ತಿಗೆ ಇನ್ನೊಂದು ಅರಳೋ ಹಾಗೆ ರಸ್ತೆ ಮರಗಳನ್ನ ಯೋಜಿಸಿದ. ನಮ್ಮ ಫೀಡ್ ತುಂಬಾ ಮಾರ್ಚ್‌ನಲ್ಲಿ ಗುಲಾಬಿ ಟಬೂಬಿಯಾ ಇರೋದಕ್ಕೆ ಈ ಪರಂಪರೆಯೇ ಮೂಲ. (ನನ್ನ ಒಂದು ತಕರಾರು: ಟಬೂಬಿಯಾ ಹೂ ಬಿಡೋವಾಗ ಎಲೆ ಉದುರಿಸಿರುತ್ತೆ. ಫೋಟೊಗೆ ಚೆಂದ, ನೆರಳಿಗೆ ಸೊನ್ನೆ. ಬೇಸಿಗೆಯಲ್ಲಿ ಊರನ್ನ ಕಾಯೋದು ಯಾರೂ ಫೋಟೊ ತೆಗೆಯದ ಮಳೆಮರ ಮತ್ತು ಹೊಂಗೆ.) ಮುಂದೆ 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳ್ ಅವರ ನೇತೃತ್ವದಲ್ಲಿ ಊರಿಗೆ ಸುಮಾರು 15 ಲಕ್ಷ ಸಸಿ ನೆಟ್ಟರು. ಜಯನಗರ, ರಾಜಾಜಿನಗರದಲ್ಲಿ ಇವತ್ತು ನೀವು ಬೈಕ್ ನಿಲ್ಲಿಸೋಕೆ ಹುಡುಕೋ ನೆರಳಲ್ಲಿ ಆ ಕಾಲದ ಮರಗಳೂ ಇರಬಹುದು.

ನೆರಳಿಂದ ಎಷ್ಟು ವ್ಯತ್ಯಾಸ ಆಗುತ್ತೆ? ಹರಿಣಿ ನಾಗೇಂದ್ರ ಮತ್ತು ಸಂಗಡಿಗರು ಬೆಂಗಳೂರಿನ ರಸ್ತೆಗಳಲ್ಲೇ ಅಳೆದು 2013ರಲ್ಲಿ ಪ್ರಕಟಿಸಿದ್ದಾರೆ. ಮರ ಇರೋ ರಸ್ತೆಯಲ್ಲಿ ಮಧ್ಯಾಹ್ನದ ಗಾಳಿ 5.6 ಡಿಗ್ರಿವರೆಗೂ ತಂಪು. ಡಾಂಬರಿನ ಮೈ 27.5 ಡಿಗ್ರಿವರೆಗೂ ತಂಪು! ಆ ಡಾಂಬರಿನ ಪಕ್ಕ ದಿನವಿಡೀ ಕೂತು ಸೊಪ್ಪು ಮಾರೋ ಅಮ್ಮನಿಗೆ ಈ ಅಂಕಿಯನ್ನ ವಿವರಿಸಬೇಕಿಲ್ಲ. ಅವರ ಬುಟ್ಟಿ ಬೆಳಗ್ಗೆ ರಸ್ತೆಯ ಈ ಬದಿ, ಮಧ್ಯಾಹ್ನ ಆ ಬದಿ. ನೆರಳು ಸರಿದ ಹಾಗೆ ಅಂಗಡಿನೂ ಸರಿಯುತ್ತೆ. ರಸ್ತೆ ಅಗಲ ಮಾಡೋಕೆ ಮರ ಹೋದ ದಿನ ಅವರ ಅಂಗಡಿನೂ ಹೋಗುತ್ತೆ, ಪರಿಹಾರದ ಪಟ್ಟಿಯಲ್ಲಿ ಹೆಸರೇ ಇಲ್ಲದೆ.

ಮೂರನೇದು ಖಾಲಿ ಬಿಟ್ಟದ್ದು. ನನಗೆ ತುಂಬಾ ಇಷ್ಟವಾದ ಭಾಗ ಇದೇ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಇಕ್ಕಟ್ಟಾದ ಪೇಟೆಯಲ್ಲಿ ಜನ ಸತ್ತರು. ಆ ಭಯದಲ್ಲಿ ಬೆಳೆದ ಬಡಾವಣೆಗಳು ಬಸವನಗುಡಿ, ಮಲ್ಲೇಶ್ವರ. ಅಗಲ ರಸ್ತೆ, ಮನೆ ಸುತ್ತ ಜಾಗ, ಹಿಂದೆ ಕನ್ಸರ್ವೆನ್ಸಿ ಲೇನ್. ಯಾರೂ ಆಗ ಶಾಖದ್ವೀಪದ ಬಗ್ಗೆ ಯೋಚಿಸಿರಲಿಲ್ಲ, ಗಾಳಿ ಬೆಳಕು ಬರಲಿ ಅಂದ್ರು ಅಷ್ಟೇ. ಆದರೆ ರಾತ್ರಿ ಊರು ಆರೋಕೆ ಬೇಕಾದ್ದು ಅದೇ. ಶಾಖ ವಾಪಸ್ ಹೋಗಬೇಕಾದ್ದು ಆಕಾಶಕ್ಕೆ. ಕೆನಡಾದ ಹವಾಮಾನ ವಿಜ್ಞಾನಿ ಟಿಮ್ ಓಕ್ ಇದನ್ನ ಲೆಕ್ಕಕ್ಕೆ ತಂದ: ರಸ್ತೆಯಲ್ಲಿ ನಿಂತು ಮೇಲೆ ನೋಡಿದರೆ ಆಕಾಶ ಎಷ್ಟು ಕಾಣುತ್ತೆ? ಕಡಿಮೆ ಕಂಡಷ್ಟೂ ರಾತ್ರಿ ಸೆಖೆ ಹೆಚ್ಚು. ಒಂದು ಗೋಡೆ ಬಿಟ್ಟ ಶಾಖವನ್ನ ಎದುರಿನ ಗೋಡೆ ಹಿಡ್ಕೊಳ್ಳುತ್ತೆ.

ನೀವೇ ಲೆಕ್ಕ ಹಾಕಿ. 12 ಅಡಿ ಎತ್ತರದ ಹೆಂಚಿನ ಮನೆ, ಮುಂದೆ 40 ಅಡಿ ರಸ್ತೆ: ಎತ್ತರ ಅಗಲದ ಮೂರನೇ ಒಂದು ಭಾಗಕ್ಕೂ ಕಡಿಮೆ. ಈಗಿನ ಥರ್ಟಿ-ಫಾರ್ಟಿ ಸೈಟು, ನಾಲ್ಕು ಮಹಡಿ, ಅಂದ್ರೆ 40 ಅಡಿ, ಮುಂದೆ 30 ಅಡಿ ರಸ್ತೆ: ಎತ್ತರವೇ ಅಗಲಕ್ಕಿಂತ ಜಾಸ್ತಿ. ಅದರ ಮೇಲೆ ಎಸಿ ಬಿಸಿಗಾಳಿನೂ ಅದೇ ಓಣಿಗೇ ಉಗುಳುತ್ತೆ.

ಭಾರತೀಯ ವಿಜ್ಞಾನ ಸಂಸ್ಥೆಯ ಟಿ. ವಿ. ರಾಮಚಂದ್ರ ಅವರ ತಂಡ ಉಪಗ್ರಹ ಚಿತ್ರಗಳನ್ನ ಜೋಡಿಸಿ ನೋಡಿದೆ. 1973ರಲ್ಲಿ ಬೆಂಗಳೂರಿನ ನೆಲದಲ್ಲಿ ಕಟ್ಟಡ, ರಸ್ತೆ ಇದ್ದದ್ದು ಸುಮಾರು ಶೇಕಡಾ 8. ಹಸಿರು ಸುಮಾರು 68. 2012ರ ಹೊತ್ತಿಗೆ ಕಟ್ಟಿದ ಜಾಗ ಅರ್ಧಕ್ಕಿಂತ ಹೆಚ್ಚು, ಹಸಿರು 25ಕ್ಕಿಂತ ಕಡಿಮೆ. 2016ರ ಏಪ್ರಿಲ್‌ನಲ್ಲಿ 39.2 ಡಿಗ್ರಿ ಮುಟ್ಟಿದ್ದು ಆಮೇಲಿನ ಮಾತು. ಅದು ಹಗಲಿನ ದಾಖಲೆ, ಅದರ ಹಿಂದೆ ಇಡೀ ಭೂಮಿ ಬಿಸಿಯಾಗ್ತಿರೋದೂ ಇದೆ, ಎಲ್ಲವನ್ನೂ ಡಾಂಬರಿನ ತಲೆಗೆ ಕಟ್ಟಬೇಡಿ.

ಇನ್ನೊಂದು ಎಚ್ಚರ. ಕೆಂಪು-ಹಳದಿ ನಕ್ಷೆಗಳು ಫಾರ್ವರ್ಡ್ ಆಗ್ತಿರ್ತವಲ್ಲ, ಅವು ಬಹುಪಾಲು ತೋರಿಸೋದು ನೆಲದ ಮೈಬಿಸಿ, ಗಾಳಿಯ ಬಿಸಿ ಅಲ್ಲ. ಬೇಸಿಗೆಯ ಹಗಲಲ್ಲಿ ಒಣಗಿದ ಬೋಳು ಹೊಲವೇ ನಗರಕ್ಕಿಂತ ಕೆಂಪಗೆ ಕಾಣಬಹುದು. ಅದನ್ನ ನೋಡಿ "ನಗರ ತಂಪಾಗಿದೆ" ಅಂತ ಯಾರಾದ್ರೂ ವಾದ ಮಾಡಿದ್ರೆ, ಅದೇ ಜಾಗದ ರಾತ್ರಿಯ ಅಳತೆ ಕೇಳಿ. ಇನ್ನೂರು ವರ್ಷದ ಹಿಂದೆ ಹೊವರ್ಡ್ ಬರೆದಿಟ್ಟದ್ದು ಅದೇ. ಹಗಲಿನ ಬಿಸಿಲಿಗೆ ದಣಿದ ಮೈ ಆರೋದು ರಾತ್ರಿ. ಶೀಟಿನ ಮನೆಯಲ್ಲಿ, ಆಕಾಶ ಕಾಣದ ಓಣಿಯಲ್ಲಿ ಮಲಗೋರಿಗೆ ಆ ರಾತ್ರಿನೇ ಸಿಗ್ತಿಲ್ಲ.

ಕೊನೇ ಫೋಟೊ ನಮ್ಮ ಬೀದಿದು. ನಡುರಸ್ತೆಯಲ್ಲಿ ನಿಂತು ಫೋನನ್ನ ನೇರ ಮೇಲಕ್ಕೆ ಹಿಡಿದು ತೆಗೆದದ್ದು. ಎರಡು ಬಾಲ್ಕನಿ, ಕೇಬಲ್ ವೈರು, ನಡುವೆ ಒಂದು ಪಟ್ಟಿ ಆಕಾಶ. ನೀವೂ ರಾತ್ರಿ ಹತ್ತರ ಹೊತ್ತಿಗೆ (ಗಾಡಿ ನೋಡ್ಕೊಂಡು!) ನಿಮ್ಮ ಬೀದಿದು ಹೀಗೇ ತೆಗೆದು ಕಳಿಸಿ, ಬೀದಿ ಹೆಸರು ಬರೀರಿ, ಹತ್ತಿರದಲ್ಲಿ ಹಿಂದೆ ಕೆರೆ ಇತ್ತಾ ಅಂತ ಮನೆ ಹಿರಿಯರನ್ನ ಕೇಳಿ ಅದನ್ನೂ ಬರೀರಿ. ಚಿಕ್ಕಪೇಟೆಯ ಓಣಿದು, ಬಸವನಗುಡಿದು, ಹೊಸ ಲೇಔಟಿಂದು ಪಕ್ಕಪಕ್ಕ ಇಟ್ಟು ಮುಂದಿನ ಕಂತಲ್ಲಿ ಹಾಕ್ತೀನಿ.