ಆಕಾಶವಾಣಿಯೂ ಕಲಿಕೆಯ ಶಾಸ್ತ್ರವೂ

ಮೈಸೂರಿನಲ್ಲಿ ಬಾನುಲಿ ನಿಲಯವನ್ನು ಕಟ್ಟಿದವರು ಯಂತ್ರಶಿಲ್ಪಿಯಲ್ಲ, ಸಂಗೀತ ವಿದ್ವಾಂಸರೂ ಅಲ್ಲ. ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಎಂ. ವಿ. ಗೋಪಾಲಸ್ವಾಮಿಯವರು. 1935ರ ಸೆಪ್ಟೆಂಬರ್ 10ರಂದು ಒಂಟಿಕೊಪ್ಪಲಿನ ತಮ್ಮ ಮನೆಯಿಂದಲೇ ಅವರು ‘ಆಕಾಶವಾಣಿ’ಯನ್ನು ಆರಂಭಿಸಿದ ಸಂಗತಿಯನ್ನು ಬಲ್ಲವರು ಹಲವರು. ಅದಕ್ಕೂ ಹತ್ತು ವರ್ಷ ಮೊದಲು ಅವರ ಮನಸ್ಸನ್ನು ತುಂಬಿದ್ದ ವಿಷಯವನ್ನು ಬಲ್ಲವರು ವಿರಳ. ಅದು ಕಲಿಕೆ.

ಲಂಡನ್ನಿನಲ್ಲಿ ಸ್ಪಿಯರ್‌ಮನ್ನರ ಬಳಿ ವ್ಯಾಸಂಗ ಮಾಡಿದ ಅವರು 1924ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಮನಶ್ಶಾಸ್ತ್ರ ವಿಭಾಗಕ್ಕೆ ತಳಹದಿ ಹಾಕಿದರು. ಕೈಗೆ ಒಂದು ಕೆಲಸ ಪಳಗುವಾಗ ಬುದ್ಧಿಯ ಪಾಲೆಷ್ಟು ಎಂಬ ಅವರ ಪ್ರಬಂಧ ಅದೇ ವರ್ಷ ಬ್ರಿಟನ್ನಿನ ಶಾಸ್ತ್ರಪತ್ರಿಕೆಯಲ್ಲಿ ಅಚ್ಚಾಯಿತು. ಇಂಥ ಕಲಿಕೆಯನ್ನು ಅಳೆಯಲು ಆ ಕಾಲದ ಪ್ರಯೋಗಶಾಲೆಗಳಲ್ಲಿ ಒಂದು ಸೊಗಸಾದ ಉಪಾಯವಿತ್ತು. ಕಾಗದದ ಮೇಲೆ ಜೋಡುಗೆರೆಯ ನಕ್ಷತ್ರ, ಕೈ ಕಾಣದಂತೆ ಒಂದು ಮರೆ, ಎದುರಿಗೆ ಕನ್ನಡಿ. ಕನ್ನಡಿಯನ್ನಷ್ಟೇ ನೋಡುತ್ತ ಎರಡು ಗೆರೆಗಳ ನಡುವೆ ಪೆನ್ಸಿಲು ಓಡಿಸಬೇಕು. ಮೊದಲ ಸಲ ಪಂಡಿತನ ಕೈಯೂ ದಿಕ್ಕು ತಪ್ಪುತ್ತದೆ! ಹತ್ತು ಸಲವಾಗುವಷ್ಟರಲ್ಲಿ ತಪ್ಪುಗಳು ಕರಗುತ್ತವೆ, ಹೊತ್ತೂ ಉಳಿಯುತ್ತದೆ. ಬೇಕಾದರೆ ಓದುಗರು ಮನೆಯಲ್ಲೇ ಪರೀಕ್ಷಿಸಬಹುದು.

ಅಮೆರಿಕದ ಥಾರ್ನ್‌ಡೈಕ್ 1898ರಲ್ಲಿ ಪೆಟ್ಟಿಗೆಯಲ್ಲಿಟ್ಟ ಬೆಕ್ಕುಗಳಲ್ಲಿ ಕಂಡದ್ದೂ ಇದನ್ನೇ. ಅಗುಳಿ ತೆಗೆದು ಹೊರಬಂದರೆ ಆಹಾರ. ಸಲದಿಂದ ಸಲಕ್ಕೆ ಬಿಡುಗಡೆ ಬೇಗ. ಫಲ ಕೊಟ್ಟ ಕ್ರಿಯೆ ನೆಲೆನಿಲ್ಲುತ್ತದೆ, ನೋವು ತಂದದ್ದು ಅಳಿಯುತ್ತದೆ ಎಂದು ಅವರು ನಿಯಮ ಮಾಡಿದರು. 1930ರ ದಶಕದ ವೇಳೆಗೆ ಅದರ ಅರ್ಧವನ್ನು ತಾವೇ ತಿದ್ದಿದರು: ಬಹುಮಾನ ಕಲಿಕೆಯನ್ನು ಬಲಪಡಿಸುವಷ್ಟು ದಂಡನೆ ತಪ್ಪನ್ನು ಅಳಿಸಲಾರದು. ನಮ್ಮ ಕೂಲಿಮಠಗಳಲ್ಲಿ ಹುಡುಗರನ್ನು ಕೋದಂಡಕ್ಕೆ ಏರಿಸಿದ ಅಯ್ಯಗಳಿಗೆ ಈ ಮಾತು ತಲುಪಲಿಲ್ಲ. ಬೆತ್ತವನ್ನು ಕಾನೂನು ನಿಷೇಧಿಸಿದ ಮೇಲೂ ಕೆಲವು ತರಗತಿಗಳಿಗೆ ಅದು ತಲುಪಿದೆಯೆನ್ನಲು ಧೈರ್ಯ ಸಾಲದು.

ಬಾನುಲಿಗೆ ಬೆತ್ತವೂ ಇಲ್ಲ, ಹಾಜರಿ ಪುಸ್ತಕವೂ ಇಲ್ಲ. ಬೇಸರವಾದರೆ ಕೇಳುಗ ಗುಂಡಿ ತಿರುಗಿಸಿಬಿಡುತ್ತಾನೆ. ಮನಶ್ಶಾಸ್ತ್ರಜ್ಞರೊಬ್ಬರು ಸ್ವಂತ ಹಣ ಹಾಕಿ ಇಂಥ ಅಧ್ಯಾಪಕನನ್ನು ಸಾಕಿದ್ದು ನನಗಂತೂ ಆಕಸ್ಮಿಕವಾಗಿ ಕಾಣುವುದಿಲ್ಲ.

ಮೈಸೂರಿನ ನಿಲಯ 1955ರಲ್ಲಿ ಬೆಂಗಳೂರಿಗೆ ಹೋಯಿತು. ನಮ್ಮ ಕಲಬುರಗಿಗೆ ನಿಲಯ ಬಂದದ್ದು 1966ರಲ್ಲಿ. ಕಾಳಗಿಯ ನಮ್ಮ ತರಗತಿಯಲ್ಲಿ ನಾಲ್ಕು ಸಾಲಿನ ಪದ್ಯ ಒಪ್ಪಿಸಲು ತಡವರಿಸುವ ಹುಡುಗ, ರೇಡಿಯೊದಲ್ಲಿ ಕೇಳಿದ ತತ್ವಪದವನ್ನು ಮೊದಲಿನಿಂದ ಕೊನೆಯವರೆಗೆ ತಪ್ಪಿಲ್ಲದೆ ಹಾಡುವುದುಂಟು. ಅದನ್ನು ಬಾಯಿಪಾಠ ಮಾಡೆಂದು ಅವನಿಗೆ ಯಾರೂ ಹೇಳಿರುವುದಿಲ್ಲ.