ದುಬೈಗೆ ಕೆಲಸಕ್ಕೆ ಹೊರಟಿದ್ದೀರಾ? ವಿಮಾನ ಹತ್ತುವ ಮುನ್ನ ಈ ಹಣದ ಲೆಕ್ಕ ತಿಳಿದಿರಲಿ

ಮಂಗಳೂರು, ಉಡುಪಿ, ಭಟ್ಕಳದ ಎಷ್ಟೋ ಮನೆಗಳಿಗೆ ಯುಎಇ ಪರದೇಶವೇ ಅಲ್ಲ. ಅಲ್ಲಿ ಅಣ್ಣನೋ ಭಾವನೋ ಇರುತ್ತಾರೆ, ಬ್ಯಾಂಕ್ ವ್ಯವಹಾರವನ್ನೂ ಅವರೇ ಹೇಳಿಕೊಡುತ್ತಾರೆ. ಮುಂಬೈ, ಪುಣೆ ಅಥವಾ ಹೈದರಾಬಾದ್‌ನಿಂದ ಒಬ್ಬರೇ ಹೊರಡುವವರಿಗೆ ಆ ಅನುಕೂಲ ಇರುವುದಿಲ್ಲ. ಅಲ್ಲಿ ಸಂಬಳಕ್ಕೆ ಆದಾಯ ತೆರಿಗೆ ಇಲ್ಲ ಎಂಬುದು ಎಲ್ಲರಿಗೂ ಗೊತ್ತು. ಆದರೆ ಕೈಗೆ ಬಂದ ಹಣ ಉಳಿಯುವುದೋ ಇಲ್ಲವೋ ಎಂಬುದು ಮೊದಲ ಕೆಲವು ತಿಂಗಳಲ್ಲಿ ನೀವು ಯಾವ ಕಾಗದಗಳಿಗೆ ಸಹಿ ಹಾಕುತ್ತೀರಿ ಎಂಬುದರ ಮೇಲಿದೆ.

ಆಫರ್ ಲೆಟರ್‌ನಲ್ಲಿ 'ಬೇಸಿಕ್' ಎಷ್ಟು?

ಹೆಚ್ಚಿನವರು ನೋಡುವುದು ಒಟ್ಟು ಸಂಬಳವನ್ನು ಮಾತ್ರ. ಆದರೆ ಕೆಲಸ ಬಿಡುವಾಗ ಸಿಗುವ ಗ್ರಾಚ್ಯುಟಿಯ ಲೆಕ್ಕ ನಡೆಯುವುದು ಮೂಲ ವೇತನದ ಮೇಲೆ. ಕನಿಷ್ಠ ಒಂದು ವರ್ಷ ಪೂರೈಸಿದವರಿಗೆ ಮೊದಲ 5 ವರ್ಷಗಳ ತನಕ ವರ್ಷಕ್ಕೆ 21 ದಿನಗಳ ಮೂಲ ವೇತನ, ಆ ನಂತರದ ವರ್ಷಗಳಿಗೆ ತಲಾ 30 ದಿನಗಳ ಮೂಲ ವೇತನ ಸಿಗುತ್ತದೆ. ದುಬೈನ ಡಿಐಎಫ್‌ಸಿಯಂಥ ಹಣಕಾಸು ವಲಯಗಳಲ್ಲಿ ನಿಯಮ ಬೇರೆ.

ಇಬ್ಬರಿಗೆ ತಿಂಗಳಿಗೆ ತಲಾ 5,000 ದಿರ್ಹಮ್ ಸಂಬಳ ಎಂದುಕೊಳ್ಳಿ. ಒಬ್ಬರ ಬೇಸಿಕ್ 2,000, ಉಳಿದದ್ದು ಭತ್ಯೆ. ಇನ್ನೊಬ್ಬರ ಬೇಸಿಕ್ 3,500. ಐದು ವರ್ಷಗಳ ನಂತರ ಮೊದಲಿನವರಿಗೆ ಸಿಗುವ ಗ್ರಾಚ್ಯುಟಿ 7,000 ದಿರ್ಹಮ್, ಎರಡನೆಯವರಿಗೆ 12,250. ತಿಂಗಳ ಸಂಬಳ ಒಂದೇ ಆದರೂ ಕೊನೆಗೆ ವ್ಯತ್ಯಾಸ 5,250 ದಿರ್ಹಮ್. ಚೌಕಾಸಿ ಮಾಡುವುದಿದ್ದರೆ ಈ ಸಾಲಿನ ಬಗ್ಗೆಯೇ ಮಾಡಿ, ಅದೂ ಸಹಿ ಹಾಕುವ ಮೊದಲು.

2023ರ ಜನವರಿಯಿಂದ ಕಡ್ಡಾಯವಾಗಿರುವ ನಿರುದ್ಯೋಗ ವಿಮೆಗೂ ಮೂಲ ವೇತನವೇ ಆಧಾರ. 16,000 ದಿರ್ಹಮ್‌ವರೆಗೆ ಬೇಸಿಕ್ ಇರುವವರು ತಿಂಗಳಿಗೆ 5 ದಿರ್ಹಮ್ ಕಟ್ಟಬೇಕು. ಸತತ 12 ತಿಂಗಳು ಕಟ್ಟಿದವರು ತಮ್ಮ ತಪ್ಪಿಲ್ಲದೆ ಕೆಲಸ ಕಳೆದುಕೊಂಡರೆ ಬೇಸಿಕ್‌ನ ಶೇ.60ರಷ್ಟು ಹಣ ಗರಿಷ್ಠ 3 ತಿಂಗಳು ಸಿಗುತ್ತದೆ. ಇದನ್ನು ಕಟ್ಟಬೇಕಾದವರು ಕಂಪನಿಯಲ್ಲ, ನೀವು. ಕಟ್ಟದಿದ್ದರೆ ದಂಡವೂ ಇದೆ. ನೇಮಕಾತಿಯ ಖರ್ಚು ಮಾತ್ರ ಕಂಪನಿಯದೇ. ಅದನ್ನು ನೌಕರನಿಂದ ವಸೂಲಿ ಮಾಡುವುದಕ್ಕೆ ಅಲ್ಲಿನ ಕಾನೂನಿನಲ್ಲಿ ಅವಕಾಶವಿಲ್ಲ.

ಖಾತೆ ತೆರೆಯುವ ತನಕ

ಇಳಿದ ಮರುದಿನವೇ ಬ್ಯಾಂಕ್ ಖಾತೆ ಸಿಗುತ್ತದೆ ಎಂದುಕೊಳ್ಳಬೇಡಿ. ಸಂಬಳದ ಖಾತೆಗೆ ಸಾಮಾನ್ಯವಾಗಿ ವಾಸದ ವೀಸಾ ಮತ್ತು ಎಮಿರೇಟ್ಸ್ ಐಡಿ ಬೇಕು, ಅವು ಕೈಸೇರಲು ಸಮಯ ಹಿಡಿಯುತ್ತದೆ. ಹಾಗಾಗಿ ಮೊದಲ ಕೆಲವು ವಾರಗಳ ಖರ್ಚನ್ನು ಇಲ್ಲಿಂದಲೇ ಒಯ್ಯಿರಿ, ಸ್ವಲ್ಪ ನಗದು, ಉಳಿದದ್ದು ಫಾರೆಕ್ಸ್ ಕಾರ್ಡ್‌ನಲ್ಲಿ.

ಖಾಸಗಿ ಕಂಪನಿಗಳ ಸಂಬಳ ಡಬ್ಲ್ಯುಪಿಎಸ್ ಎಂಬ ವೇತನ ರಕ್ಷಣಾ ವ್ಯವಸ್ಥೆಯ ಮೂಲಕ ಬರುತ್ತದೆ. 2009ರಲ್ಲಿ ಆರಂಭವಾದ ಈ ವ್ಯವಸ್ಥೆಯಿಂದಾಗಿ ಯಾರು ಸಂಬಳ ಕೊಟ್ಟಿಲ್ಲ ಎಂಬುದು ಸರ್ಕಾರದ ಕಣ್ಣಿಗೂ ಬೀಳುತ್ತದೆ. ಕಡಿಮೆ ವೇತನದ ಕಾರ್ಮಿಕರಿಗೆ ಖಾತೆಯ ಬದಲು ಸಂಬಳದ ಕಾರ್ಡ್ ಕೊಡುವುದುಂಟು. ಆ ಕಾರ್ಡ್ ಮತ್ತು ಪಿನ್ ಸೂಪರ್‌ವೈಸರ್ ಕೈಯಲ್ಲಿರಬಾರದು. ಪಾಸ್‌ಪೋರ್ಟ್ ಕೂಡ ಅಷ್ಟೇ, ಅದನ್ನು ಕಂಪನಿ ವಶಪಡಿಸಿಕೊಳ್ಳುವಂತಿಲ್ಲ.

ಚೆಕ್ ಎಂದರೆ ಹುಡುಗಾಟವಲ್ಲ

ದುಬೈನಲ್ಲಿ ಮನೆ ಬಾಡಿಗೆಯನ್ನು ಮುಂದಿನ ದಿನಾಂಕ ಹಾಕಿದ ಚೆಕ್‌ಗಳಲ್ಲಿ ಕೊಡುವ ರೂಢಿ ಇದೆ. ವರ್ಷಕ್ಕೆ ನಾಲ್ಕು ಚೆಕ್ ಎಂಬ ಮಾತು ಅಲ್ಲಿ ಸಾಮಾನ್ಯ. ಹಿಂದೆ ಚೆಕ್ ಬೌನ್ಸ್ ಆದರೆ ಜೈಲಿನ ಭಯವಿತ್ತು. 2022ರ ಜನವರಿ 2ರಿಂದ ಖಾತೆಯಲ್ಲಿ ಹಣ ಸಾಲದೆ ಬೌನ್ಸ್ ಆಗುವುದನ್ನು ಕ್ರಿಮಿನಲ್ ಅಪರಾಧದ ಪಟ್ಟಿಯಿಂದ ಕೈಬಿಡಲಾಗಿದೆ. ಹಾಗೆಂದು ನಿರಾಳವಾಗುವಂತಿಲ್ಲ. ಬೌನ್ಸ್ ಆದ ಚೆಕ್ ಹಿಡಿದು ಸಾಲಗಾರ ನೇರವಾಗಿ ವಸೂಲಿ ಪ್ರಕ್ರಿಯೆಗೆ ಹೋಗಬಹುದು, ನ್ಯಾಯಾಲಯದಿಂದ ಪ್ರಯಾಣ ನಿಷೇಧವನ್ನೂ ಕೋರಬಹುದು. ಬೇಕೆಂದೇ ಖಾತೆ ಮುಚ್ಚುವುದು, ಸಹಿ ಬದಲಿಸುವುದು ಈಗಲೂ ಅಪರಾಧವೇ.

ಇನ್ನು ಸಾಲದ ವಿಷಯ. ಸಂಬಳ ಶುರುವಾಗುತ್ತಿದ್ದಂತೆ ಕ್ರೆಡಿಟ್ ಕಾರ್ಡ್, ಪರ್ಸನಲ್ ಲೋನ್ ಎಂದು ಫೋನ್ ಕರೆಗಳು ಬರತೊಡಗುತ್ತವೆ. ಕೇಂದ್ರ ಬ್ಯಾಂಕ್ 2011ರಲ್ಲಿ ತಂದ ನಿಯಮದ ಪ್ರಕಾರ ಸಂಬಳದ 20 ಪಟ್ಟಿನವರೆಗೆ ವೈಯಕ್ತಿಕ ಸಾಲ ಸಿಗಬಹುದು, 48 ತಿಂಗಳಲ್ಲಿ ತೀರಿಸಬೇಕು. ಒಟ್ಟು ಕಂತುಗಳು ಸಂಬಳದ ಅರ್ಧ ಮೀರಬಾರದು. ಆದರೆ ಅಲ್ಲಿ ವೀಸಾ ಕೆಲಸಕ್ಕೆ ಅಂಟಿಕೊಂಡಿದೆ. ಕೆಲಸ ಹೋದರೆ ವೀಸಾ ಹೋಗುತ್ತದೆ, ಸಾಲ ಹೋಗುವುದಿಲ್ಲ. ಸಾಲ ಬಾಕಿ ಇದ್ದರೆ ಕೊನೆಯ ಸಂಬಳ ಮತ್ತು ಗ್ರಾಚ್ಯುಟಿ ಜಮಾ ಆಗುತ್ತಿದ್ದಂತೆ ಬ್ಯಾಂಕ್ ಆ ಹಣವನ್ನು ತಡೆಹಿಡಿಯುವುದು ಸಾಮಾನ್ಯ. ಊರಿಗೆ ಹೊರಟವರ ಕೈ ಖಾಲಿಯಾಗುವುದು ಇಲ್ಲಿಯೇ. ರೂಮ್‌ಮೇಟ್‌ಗಾಗಿ ನಿಮ್ಮ ಹೆಸರಲ್ಲಿ ಕಾರ್ಡ್ ತೆಗೆದುಕೊಡುವುದು, ಸ್ನೇಹಿತನ ಸಾಲಕ್ಕೆ ಖಾಲಿ ಚೆಕ್ ಕೊಡುವುದು ಬೇಡವೇ ಬೇಡ. ದಾಕ್ಷಿಣ್ಯಕ್ಕೆ ಬಸಿರಾದಂತೆ ಆಗುತ್ತದೆ.

ಊರಿಗೆ ಹಣ ಕಳುಹಿಸುವಾಗ

ಒಂದು ಡಾಲರ್‌ಗೆ 3.6725 ದಿರ್ಹಮ್ ಎಂಬ ದರ 1997ರಿಂದ ಬದಲಾಗಿಲ್ಲ. ಹಾಗಾಗಿ ದಿರ್ಹಮ್‌ಗೆ ಎಷ್ಟು ರೂಪಾಯಿ ಎಂಬುದು ಡಾಲರ್ ಎದುರು ರೂಪಾಯಿಯ ಏರಿಳಿತವನ್ನೇ ಹಿಂಬಾಲಿಸುತ್ತದೆ. 'ಶುಲ್ಕ ಇಲ್ಲ' ಎಂಬ ಬೋರ್ಡ್ ನೋಡಿ ಮಾರುಹೋಗಬೇಡಿ, ಲಾಭವನ್ನು ದರದಲ್ಲೇ ಸೇರಿಸಿರಬಹುದು. 2,000 ದಿರ್ಹಮ್ ಕಳುಹಿಸುವಾಗ ದರದಲ್ಲಿ 20 ಪೈಸೆ ಕಡಿಮೆಯಾದರೆ 400 ರೂಪಾಯಿ ಹೋಯಿತು. ಊರಿನ ಖಾತೆಗೆ ಕೊನೆಗೆ ಎಷ್ಟು ರೂಪಾಯಿ ಬೀಳುತ್ತದೆ ಎಂದಷ್ಟೇ ಕೇಳಿ, ಎರಡು ಮೂರು ಕಡೆ ಹೋಲಿಸಿ. ಹುಂಡಿಯಲ್ಲಿ ಹೆಚ್ಚು ದರ ಸಿಗುತ್ತದೆ ಎನ್ನುವವರಿದ್ದಾರೆ. ಭಾರತದಲ್ಲಿ ಅದು ಫೆಮಾ ಕಾಯ್ದೆಯ ಉಲ್ಲಂಘನೆ, ಹಣ ಬಾರದಿದ್ದರೆ ಕೇಳಲು ರಸೀದಿಯೂ ಇರುವುದಿಲ್ಲ.

ವಿದೇಶದಲ್ಲಿ ಉದ್ಯೋಗಕ್ಕೆ ಸೇರಿದ ಮೇಲೆ ಭಾರತದ ಹಳೆಯ ಉಳಿತಾಯ ಖಾತೆಯನ್ನು ಹಾಗೆಯೇ ಬಳಸುವಂತಿಲ್ಲ, ಎನ್‌ಆರ್‌ಒ ಖಾತೆಯಾಗಿ ಬದಲಿಸಬೇಕು. ಊರಿನ ಬಾಡಿಗೆ, ಪಿಂಚಣಿಯಂಥ ಆದಾಯಕ್ಕೆ ಅದು. ಅಲ್ಲಿ ದುಡಿದು ಕಳುಹಿಸುವ ಹಣಕ್ಕೆ ಎನ್‌ಆರ್‌ಇ ಖಾತೆ ತೆರೆಯಿರಿ. ಎನ್‌ಆರ್‌ಇ ಬಡ್ಡಿಗೆ ಭಾರತದಲ್ಲಿ ತೆರಿಗೆ ಇಲ್ಲ, ಎನ್‌ಆರ್‌ಒ ಬಡ್ಡಿಯಲ್ಲಿ ಶೇ.30ರಷ್ಟು ಟಿಡಿಎಸ್ ಜತೆಗೆ ಸೆಸ್ ಕಡಿತವಾಗುತ್ತದೆ. ಬ್ಯಾಂಕ್‌ಗೆ ಕೊಟ್ಟಿರುವ ಭಾರತದ ಮೊಬೈಲ್ ನಂಬರ್ ನಿಲ್ಲಿಸಬೇಡಿ, ಒಟಿಪಿ ಬರುವುದು ಅದಕ್ಕೇ.

ಮರಳಿ ಬರುವ ದಿನ ಬಂದಾಗ ಯುಎಇ ಖಾತೆಯನ್ನು ಹಾಗೇ ಬಿಟ್ಟು ಬರಬೇಡಿ. ಕನಿಷ್ಠ ಮೊತ್ತ ಇಲ್ಲವೆಂದು ಶುಲ್ಕ ಬೆಳೆಯಬಹುದು. ಕ್ರೆಡಿಟ್ ಕಾರ್ಡ್ ರದ್ದು ಮಾಡಿಸಿ, ಮನೆ ಮಾಲೀಕರಿಂದ ಉಳಿದ ಚೆಕ್‌ಗಳನ್ನು ವಾಪಸ್ ಪಡೆಯಿರಿ, ಬಾಕಿ ಏನೂ ಇಲ್ಲ ಎಂಬ ಪತ್ರವನ್ನು ಬ್ಯಾಂಕ್‌ನಿಂದ ಕೇಳಿ ಪಡೆದು ಪಾಸ್‌ಪೋರ್ಟ್ ಜತೆಗಿಟ್ಟುಕೊಳ್ಳಿ.